ಮೇಜಿನ ಈ ಬದಿ

ಇಂದಿರಾಪುರಂ
೪ ನವೆಂಬರ್ ೨೦೨೪

ಶ್ರೀಮತಿ ಲೀಲಾವತಿಯವರಿಗೆ,
ಆಡಳಿತವರ್ಗ, ವಸಂತ್ ಕುಂಜ್ ಮನೆ.

ಕೊಟ್ಟ ಮಾತುಗಳು:
ಥೆರಪಿಸ್ಟ್ ಲಾವಣ್ಯಾ ಅವರ ಹತ್ತಿರ ನಿಜ ಹೇಳುತ್ತೇನೆ ಎಂದದ್ದು.
ದಸರೆ ಕಳೆದ ಮೇಲೆ ಇಂದಿರಾಪುರಂಗೆ ಬಂದು ಮಗಳು ಹೂಡಿದ ಮನೆ ನೋಡುತ್ತೇನೆ ಎಂದದ್ದು.
ಮಗಳು ಮದುವೆಯಾಗಲಿರುವ ಮಹಂತೇಶನ ಅಪ್ಪ ಅಮ್ಮ ಬಾದಾಮಿಯಿಂದ ಬಂದಾಗ ಅವರನ್ನು ಕಾಣುತ್ತೇನೆ ಎಂದದ್ದು.

ನಿರಾಕರಿಸಿದ್ದು:
ಮೇಲಿನ ಎಲ್ಲವನ್ನೂ.

ಅಮ್ಮಾ, ಈ ಕಾನೂನು ಮಾಡಿದವಳು ನೀನೇ. ಮನವಿ ಬರಹದಲ್ಲಿರಬೇಕು, ಕನ್ನಡದಲ್ಲಿರಬೇಕು, ತಾರೀಕು ಸಹಿ ಇರಬೇಕು. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಇಬ್ಬರೇ, ಒಬ್ಬಳು ಆಡಳಿತ, ಒಬ್ಬಳು ಕಾರ್ಮಿಕಳು. ಸೈಕಲ್ ಬೇಕು ಅಂದರೂ "ಬರೆದು ಕೊಡು" ಅಂದೆ. ಶಾಲೆಯಲ್ಲಿ ಹಿಂದಿ ಕಲಿತವಳು ನಾನು, ನಿನಗೆ ಮನವಿ ಬರೆದೂ ಬರೆದೂ ಕನ್ನಡ ಕಲಿತೆ. ಫೋನಿನಲ್ಲಿ ಕೇಳಿದರೆ ನೀನು ಭಾಷಣ ಮಾಡಿ ಇಡುತ್ತೀಯ. ಆದ್ದರಿಂದ ಕಾಗದ.

ಜೂನ್ ತಿಂಗಳಲ್ಲಿ ರಾಜೀವ್ ಚೌಕ್ ಮೆಟ್ರೋದಿಂದ ನನಗೆ ಫೋನ್ ಬಂತು. ಅಲ್ಲಿನ ಸೆಕ್ಯೂರಿಟಿಯ ಹೆಂಗಸು, ನಿಮ್ಮ ಮಮ್ಮಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾರೆ, ಏಳ್ತಾ ಇಲ್ಲ, ಉಸಿರು ಕಟ್ಟಿದೆ ಅಂತಿದ್ದಾರೆ ಅಂದಳು. ನಾನು ಬಂದಾಗ ನಿನ್ನ ಬೆರಳುಗಳು ಕಂಬಿಯನ್ನು ಬಿಡುತ್ತಿರಲಿಲ್ಲ. ಒಂದೊಂದಾಗಿ ಬಿಡಿಸಿದೆ. ಆಟೋದಲ್ಲಿ ನೀನು ಒಂದೇ ಮಾತು ಆಡಿದೆ: "ಯಾರಿಗೂ ಹೇಳಬೇಡ. ಮಂಡಿನೋವು ಅನ್ನು." ಅಂದಿನಿಂದ ನೀನು ಸೊಸೈಟಿಯ ಗೇಟು ದಾಟಿಲ್ಲ. ತರಕಾರಿ ಭಯ್ಯಾನಿಗೆ ಮಂಡಿನೋವು, ಕನ್ನಡ ಸಂಘಕ್ಕೆ ಮಂಡಿನೋವು, ನಿನ್ನ ಯೂನಿಯನ್ನಿಗೆ ಮಂಡಿನೋವು. ಆಗಲಿ, ಅವರೆಲ್ಲ ಹೊರಗಿನವರು.

ಆದರೆ ಮೊನ್ನೆ ನಾನು ನಿನ್ನ ಅಡುಗೆಮನೆಯಲ್ಲಿದ್ದೆ. ನೀನು ಲ್ಯಾಪ್‌ಟಾಪಿನ ಮುಂದೆ ಕೂತು ಥೆರಪಿಸ್ಟಿಗೂ ಮಂಡಿನೋವು ಅಂದೆ. ಆಮೇಲೆ ಉಳಿದ ಹೊತ್ತೆಲ್ಲ ಮುಷ್ಕರದ ಕಥೆ ಹೇಳಿದೆ.

ಬೇಡಿಕೆ ಒಂದೇ. ನಿಜ ಹೇಳು.

ನಿನ್ನ ಕಾರ್ಮಿಕಳು,
ಸಂಯುಕ್ತಾ


ವಸಂತ್ ಕುಂಜ್
೧೨ ನವೆಂಬರ್ ೨೦೨೪

ಕಾರ್ಮಿಕಳಿಗೆ,

ಮನವಿ ತಲುಪಿದೆ. ಅಡುಗೆಮನೆಯಲ್ಲಿ ನಿಂತು ಕದ್ದು ಕೇಳಿದ್ದಕ್ಕೆ ಮೊದಲು ನಿನಗೇ ನೋಟಿಸ್ ಕೊಡಬೇಕು.

ಆ ಹುಡುಗಿ ಲಾವಣ್ಯಾ ಒಳ್ಳೆಯವಳು. ಕನ್ನಡದಲ್ಲಿ ಮಾತಾಡುವವರು ಸಿಕ್ಕರೆ ಮಾತ್ರ ಒಪ್ಪುತ್ತೇನೆ ಅಂತ ಷರತ್ತು ಹಾಕಿದ್ದು, ನಿನಗೆ ಯಾರೂ ಸಿಗಲಾರರು ಅನ್ನೋ ಧೈರ್ಯದ ಮೇಲೆ. ನೋಯ್ಡಾದಲ್ಲಿ ಹುಟ್ಟಿ ಬೆಳೆದ ಇವಳನ್ನು ಅದೆಲ್ಲಿಂದ ಹುಡುಕಿ ತಂದೆಯೋ. "ಆಂಟಿ, ನೀವು ಒಳಗೆ ಹೇಗೆ ಫೀಲ್ ಮಾಡ್ತಾ ಇದೀರಿ, ಮತ್ಲಬ್, ಎದೆ ಒಳಗೆ?" ಅಂತಾಳೆ. "ಒಳಗೆ ಹೇಗೂ ಇಲ್ಲ, ಹೊರಗೆ ಹೊಗೆ ಜಾಸ್ತಿ" ಅಂದೆ. ನಕ್ಕಳು. ಮೂರು ವಾರದಿಂದ ಅವಳ ಕನ್ನಡ ತಿದ್ದುತ್ತಿದ್ದೇನೆ. ಈಗ "ಧಿಕ್ಕಾರ" ಅನ್ನೋದನ್ನ ಹೊಟ್ಟೆಯಿಂದ ಹೇಳುತ್ತಾಳೆ. ಅವಳಲ್ಲಿ ಪ್ರಗತಿ ಇದೆ.

ನಿಜ ಹೇಳು ಅಂತೀಯ. ಮೂವತ್ತು ವರ್ಷ ಯೂನಿಯನ್ನಿನ ಪರವಾಗಿ ಮಾತುಕತೆಯ ಮೇಜಿಗೆ ಕೂತವಳು ನಾನು. ಮೊದಲ ಪಾಠ ಇದು: ನಮ್ಮ ಕೈ ಎಲ್ಲಿ ಸೋತಿದೆ ಅಂತ ಎದುರಿನ ಕುರ್ಚಿಗೆ ತೋರಿಸಬಾರದು. ತಂಬಿಗೆ ಖಾಲಿ ಇದ್ದರೂ ತುಂಬಿದೆ ಅನ್ನಬೇಕು. ಹಾಗಂದೇ ಗೆದ್ದಿದ್ದೇವೆ.

ಇನ್ನೊಂದು. ನನ್ನ ಅವ್ವ ಮುಳಬಾಗಿಲಿನ ಹೋಟೆಲಿನ ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಚಹಾ ಕುಡಿದವಳು. ಅವಳಿಗೆ ಹೆದರಿಕೆ ಇರಲಿಲ್ಲವಾ? ಅದನ್ನ ಕೇಳಿಸಿಕೊಳ್ಳೋಕೆ ಯಾರು ಕುರ್ಚಿ ಹಾಕಿ ಕೂತಿದ್ದರು? ಹೆದರಿಕೆ ಹೇಳಿಕೊಳ್ಳೋದು ಉಂಡು ಮಲಗಿದವರ ಸವಲತ್ತು ಕಣೇ. ನಮ್ಮಂಥವರು ಹೆದರಿದ್ದೀವಿ ಅಂದ ದಿನ ಊರು ನಮ್ಮ ಮೇಲೆ ಬೀಳುತ್ತಿತ್ತು.

ಮನವಿ ತಿರಸ್ಕೃತ. ಹೊಗೆ ಜಾಸ್ತಿ ಇದೆ, ಮಾಸ್ಕ್ ಹಾಕಿಕೊಂಡು ಓಡಾಡು. ಹುರಿಗಾಳು ಕಳಿಸಿದ್ದೇನೆ.

ಜೈ ಭೀಮ್,
ಅಮ್ಮ


ಇಂದಿರಾಪುರಂ
೨೪ ನವೆಂಬರ್ ೨೦೨೪

ಅಮ್ಮಾ,

ಮೇಲ್ಮನವಿ. ಹುರಿಗಾಳು ಮುಗಿಯಿತು, ಮುಕ್ಕಾಲು ಭಾಗ ಮಹಂತೇಶ ತಿಂದ. ಅದು ಬೇರೆ ದೂರು.

ಜವಾನ ನಾರಾಯಣಸ್ವಾಮಿಯವರ ಕೇಸು ನೆನಪಿದೆಯಾ? ನನಗಿದೆ. ಶಾಲೆ ಬಿಟ್ಟ ಮೇಲೆ ನಿನ್ನ ಆಫೀಸಿನ ಕ್ಯಾಂಟೀನಿನಲ್ಲಿ ಕೂತು ಬ್ರೆಡ್ ಪಕೋಡ ತಿನ್ನುತ್ತಿದ್ದ ದಿನಗಳು. ಅವರನ್ನು ಸಸ್ಪೆಂಡ್ ಮಾಡಿದ್ದರು. ತಪ್ಪೊಪ್ಪಿಗೆಯ ಕಾಗದಕ್ಕೆ ಹೆದರಿಸಿ ಸಹಿ ಹಾಕಿಸಿಕೊಂಡಿದ್ದರು. ಆ ಸಹಿಯ ವಿಷಯವನ್ನು ಅವರು ನಾಚಿಕೆಯಿಂದ ಯೂನಿಯನ್ ವಕೀಲರಿಗೂ ಹೇಳಲಿಲ್ಲ. ವಿಚಾರಣೆಯ ದಿನ ಎದುರು ಪಕ್ಷ ಆ ಕಾಗದ ತೆಗೆದಿಟ್ಟಿತು. ನಮ್ಮ ವಕೀಲರು ಬಾಯಿ ತೆರೆದುಕೊಂಡು ನಿಂತರು. ಸೋತಿರಿ.

ಅವತ್ತು ಸಂಜೆ ನೀನು ಕ್ಯಾಂಟೀನಿನ ಬೆಂಚು ಹತ್ತಿ ಹೇಳಿದ ಮಾತು ನನಗೆ ಬಾಯಿಪಾಠ: "ಸುಳ್ಳು ಹೇಳಲೇಬೇಕು ಅಂದರೆ ಎದುರು ಕೂತವರಿಗೆ ಹೇಳಿ. ಪಕ್ಕದಲ್ಲಿ ಕೂತ ನಮ್ಮ ವಕೀಲರಿಗೆ ಹೇಳಿದರೆ ನಮ್ಮ ಕತ್ತು ನಾವೇ ಕುಯ್ದುಕೊಂಡಂತೆ."

ಅಮ್ಮಾ, ಒಂದೇ ಪ್ರಶ್ನೆ. ಲಾವಣ್ಯಾ ಅವರನ್ನು ಮೇಜಿನ ಯಾವ ಬದಿಗೆ ಕೂರಿಸಿದ್ದೀಯ?

ನೀನು ನಮ್ಮ ಮದುವೆಯ ತಾರೀಕು ಕೇಳಿದ್ದೆ. ಇನ್ನೂ ಹಿಡಿದಿಲ್ಲ. ಆಫೀಸಿನಲ್ಲಿ ರಜೆ ಸಿಗುತ್ತಿಲ್ಲ. ಅವಸರವೇನೂ ಇಲ್ಲ.

ನಿನ್ನ
ಸಂಯುಕ್ತಾ


ವಸಂತ್ ಕುಂಜ್
೧೫ ಡಿಸೆಂಬರ್ ೨೦೨೪

ಸಂಯುಕ್ತಾ,

ಉತ್ತರ ತಡವಾಯಿತು. ಕಾರಣ ಕೇಳಬೇಡ.

ಮಹಂತೇಶ ಬಂದಿದ್ದ. ಅವರ ಅಮ್ಮ ಕಳಿಸಿದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದ. ಊಟಕ್ಕೆ ಕೂರಿಸಿ, "ಇನ್ನೂ ರಜ ಕೊಡದ ಆ ಕಂಪನಿಯ ಮುಂದೆ ಧರಣಿ ಕೂರೋಣ ಕಣಪ್ಪ, ನಾನು ಬೋರ್ಡ್ ಬರೆದುಕೊಡ್ತೀನಿ" ಅಂದೆ. ಹುಡುಗ ತುತ್ತು ಕೆಳಗಿಟ್ಟ.

"ಯಾವ ರಜಾರೀ ಅಮ್ಮಾ? ರಜಾ ಸಿಕ್ಕು ಭಾಳ ದಿನ ಆತ್ರಿ."

"ಮತ್ತೆ?"

"ನೀವು ಬರೂತನಕ ತಾರೀಖ ಹಿಡಿಯಂಗಿಲ್ಲ ಅಂತ ಹಟ ಹಿಡದಾಳ್ರಿ. ನಿಮ್ಮ ಮನೀಗೇ ಬಂದು ಮಾಡೂಣು ಅಂದೆ. ಅಮ್ಮ ಹೊರಗ ಬರಬೇಕು, ಮದಿವಿ ಆಮ್ಯಾಲ ಅಂದ್ಲು. ನಾ ಹೇಳೀನಿ ಅಂತ ಹೇಳಬ್ಯಾಡ್ರಿ, ನನ್ನ ಬಿಡಂಗಿಲ್ಲ ಆಕಿ."

ಹೇಳುತ್ತಿದ್ದೇನೆ. ಅವನನ್ನು ಬೈಯಬೇಡ. ಅವನಿಗೆ ಸುಳ್ಳು ಹೇಳೋಕೆ ಬರೋದಿಲ್ಲ. ನಮ್ಮ ಮನೆಗೆ ಅಂಥವರೊಬ್ಬರು ಬೇಕಾಗಿತ್ತು.

ನೀನು ನನಗೆ ರಜೆ ಸಿಗಲಿಲ್ಲ ಅಂತ ಬರೆದೆ. ಸಹಿ ಹಾಕಿ ಬರೆದೆ. ನಿಂದೂ ಮಂಡಿನೋವೇ, ಮಗಳೇ.

ಅಮ್ಮ


ಇಂದಿರಾಪುರಂ
೨೨ ಡಿಸೆಂಬರ್ ೨೦೨೪

ಅಮ್ಮಾ,

ಆರೋಪ ಒಪ್ಪಿದೆ.

ನಿನಗೆ ಭಾರ ಆಗಬಾರದು ಅಂತ ಹಾಗೆ ಬರೆದೆ. ನೀನೂ ನನಗೆ ಭಾರ ಆಗಬಾರದು ಅಂತಲೇ ಗೇಟಿನ ಒಳಗೆ ಕೂತಿದ್ದೀಯ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಿ ಕಾಪಾಡಿ ಸುಸ್ತಾಗಿದ್ದೇವೆ.

ಈಗ ನಿಜ: ನೀನಿಲ್ಲದೆ ನಾನು ಮದುವೆಯಾಗುವುದಿಲ್ಲ. ಇದು ಬೆದರಿಕೆಯಲ್ಲ. ಆಸೆ. ಬೇಡಿಕೆ ಪಟ್ಟಿಯಲ್ಲಿ ಆಸೆ ಬರೆಯೋದು ಹೇಗೆ ಅಂತ ನೀನು ಕಲಿಸಿಲ್ಲ, ಅದಕ್ಕೇ ಇಷ್ಟು ದಿನ ಹಿಡಿಯಿತು.

ಸಂಯುಕ್ತಾ


ವಸಂತ್ ಕುಂಜ್
೧೨ ಜನವರಿ ೨೦೨೫

ಪ್ರೀತಿಯ ಸಂಯುಕ್ತಾ,

ಕೂತುಕೊಂಡು ಓದು. ಚಹಾ ಇಟ್ಟುಕೋ. ಮಹಂತೇಶನಿಗೂ ಓದಿ ಹೇಳು.

ಗುರುವಾರ ನಡೆದದ್ದು. ಹೊಗೆ ಸರಿದು ಅಪರೂಪಕ್ಕೆ ಬಿಸಿಲು ಬಂದಿತ್ತು. ಬಾಲ್ಕನಿಯಲ್ಲಿ ಬಾಳಕದ ಮೆಣಸಿನಕಾಯಿ ಒಣಗಲು ಹಾಕಿದ್ದೆ. ನಿನಗೆಂದೇ ಮಜ್ಜಿಗೆಯಲ್ಲಿ ನೆನೆಸಿದ್ದು. ಒಳಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರೊಳಗೆ ಲಾವಣ್ಯಾ. ನಾನು ಕಾಲು ಚಾಚಿ, ಮಂಡಿಗೆ ಶಾಲು ಸುತ್ತಿಕೊಂಡು, ನೋವಿನ ಮುಖ ಮಾಡಿ ಕೂತಿದ್ದೆ. ಶಾಲು ನನ್ನದೇ ಉಪಾಯ. "ಮೆಟ್ಟಿಲು ಇಳಿಯೋಕೇ ಆಗಲ್ಲ ಕಣಮ್ಮ, ಇನ್ನು ಮೆಟ್ರೋ ಎಲ್ಲಿ ಬಂತು" ಅನ್ನುತ್ತಿದ್ದೆ.

ಅಷ್ಟರಲ್ಲಿ ಕೋತಿ ಬಂತು. ರಿಜ್ ಗುಡ್ಡದ ಕಾಡಿನಿಂದ ಬರುತ್ತಲ್ಲ, ಆ ದಪ್ಪ ಗಂಡು. ಮೊರಕ್ಕೇ ಕೈ ಹಾಕಿತು.

ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಶಾಲು ಒಂದು ಕಡೆ ಹೋಯಿತು. ಸ್ಟೂಲು ದಾಟಿ ಹಾರಿದೆ. ಪೊರಕೆ ಕೈಗೆ ಬಂತು. ಬಾಲ್ಕನಿಯ ಕಟ್ಟೆ ಹತ್ತಿ ನಿಂತು, "ಯಾವನೋ ಅವನು, ನಮ್ಮ ದುಡಿಮೆ ನಿನಗೆ ಬಿಟ್ಟಿ ಬಿತ್ತಾ" ಅಂತ ಕೂಗಿದೆ. ಕೋತಿ ಮೊರ ಬಿಟ್ಟು ನೀರಿನ ಟ್ಯಾಂಕಿಗೆ ನೆಗೆಯಿತು. ಎದುರು ಬ್ಲಾಕಿನ ಸರ್ದಾರ್ಜಿ ಬಾಲ್ಕನಿಯಿಂದ "ವಾಹ್ ಭೆಣ್‌ಜೀ" ಅಂದು ಚಪ್ಪಾಳೆ ತಟ್ಟಿದರು. ಪೊರಕೆಯನ್ನು ಬಾವುಟದ ಹಾಗೆ ಎತ್ತಿ ಹಿಡಿದು ಒಳಗೆ ಬಂದೆ.

ಲ್ಯಾಪ್‌ಟಾಪಿನಲ್ಲಿ ಲಾವಣ್ಯಾ. ಕಣ್ಣು ಇಷ್ಟಗಲ.

"ಆಂಟಿ," ಅಂದಳು ಮೆಲ್ಲಗೆ, "ಮಂಡಿ?"

ಸಂಯುಕ್ತಾ, ಎಷ್ಟು ವಿಚಾರಣೆ ನೋಡಿದ್ದೇನೆ, ಎಷ್ಟು ಅಧಿಕಾರಿಗಳ ಬಾಯಿ ಮುಚ್ಚಿಸಿದ್ದೇನೆ. ಕೋತಿ ಬಂದು ನನ್ನ ವಿರುದ್ಧ ಸಾಕ್ಷಿ ಹೇಳಿ ಹೋಯಿತು. ಪಾಟೀಸವಾಲಿಗೂ ಸಿಗಲಿಲ್ಲ.

ನಾನು ಮೊದಲು ನಕ್ಕೆನೋ ಅವಳೋ, ಗೊತ್ತಿಲ್ಲ. ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಕೇಳಿದೆ, "ನಿನಗೆ ಮೊದಲೇ ಗೊತ್ತಿತ್ತಾ?"

"ಫಸ್ಟ್ ದಿನಾನೇ ಆಂಟಿ. ಮುಷ್ಕರದ ಸ್ಟೋರಿ ಹೇಳುವಾಗ ನೀವು ಕುರ್ಚಿಯಿಂದ ಎದ್ದೆದ್ದು ನಿಲ್ತಾ ಇದ್ರಿ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನಾನು ಹಿಡಿದು ಹಾಕೋಕೆ ಕೂತಿಲ್ಲ ಆಂಟಿ. ನೀವೇ ಹೇಳ್ಲಿ ಅಂತ ಕಾಯ್ತಾ ಇದ್ದೆ. ಬಟ್ ಒಂದು ನಿಜ ಹೇಳ್ಲಾ? ನನಗೂ ನಿಮ್ಮ ಸ್ಟೋರಿ ಇಷ್ಟ ಆಗ್ಬಿಟ್ಟಿತ್ತು. ಸ್ವಲ್ಪ ಬೇಗ ಕೇಳಬೇಕಿತ್ತು. ಅದು ನನ್ನ ಮಿಸ್ಟೇಕ್."

ಯಾವ ಅಧಿಕಾರಿಯೂ ನನ್ನ ಮುಂದೆ ಇಷ್ಟು ಸಲೀಸಾಗಿ ತಪ್ಪು ಒಪ್ಪಿದ್ದಿಲ್ಲ. ಆಗ ನಿನ್ನ ಪ್ರಶ್ನೆ ನೆನಪಾಯಿತು. ಯಾವ ಬದಿ ಅಂತ. ನಾನು ಲ್ಯಾಪ್‌ಟಾಪು ಎತ್ತಿ, ಮೇಜಿನ ಆಚೆಯಿಂದ ಈಚೆಗೆ, ನನ್ನ ಪಕ್ಕದ ಕುರ್ಚಿಯ ಮೇಲೆ ಇಟ್ಟುಕೊಂಡೆ. ಅವಳು "ಏನ್ಮಾಡ್ತಾ ಇದೀರಿ ಆಂಟಿ, ಫ್ಯಾನ್ ಕಾಣಿಸ್ತಾ ಇದೆ ನಂಗೆ" ಅಂದಳು. "ಸುಮ್ನಿರು, ಜಾಗ ಬದಲಾಯಿಸ್ತಿದ್ದೀನಿ" ಅಂದೆ.

ಹೇಳಿದೆ. ಎಲ್ಲ ಹೇಳಿದೆ. ಅವತ್ತು ಯೂನಿಯನ್ನಿನ ವಾರ್ಷಿಕ ಸಭೆಗೆ ಹೊರಟಿದ್ದೆ, ಅತಿಥಿಯಾಗಿ. ಆಫೀಸು ಬಿಡೋ ಹೊತ್ತು. ರಾಜೀವ್ ಚೌಕಿನಲ್ಲಿ ರೈಲು ಬದಲಾಯಿಸಬೇಕು. ಮೆಟ್ಟಿಲ ಮೇಲೆ ಜನ ನನ್ನನ್ನು ತಳ್ಳಿಕೊಂಡು ಹೋದರು. ಯಾರೂ ಮುಖ ನೋಡಲಿಲ್ಲ. ಯಾರೂ ದಾರಿ ಬಿಡಲಿಲ್ಲ. ಸಾಯುತ್ತಿದ್ದೇನೆ ಅನ್ನಿಸಿತು. ಜಂತರ್ ಮಂತರಿನಲ್ಲಿ ಲಾಠಿ ಬಿದ್ದಾಗ ಕೂಡ ಹಾಗೆ ಅನ್ನಿಸಿರಲಿಲ್ಲ. ಜನಸಾಗರ, ಜನಶಕ್ತಿ ಅಂತ ಗಂಟಲು ಹರಿದುಕೊಂಡವಳು ನಾನು. ಆ ಜನಕ್ಕೇ ಹೆದರಿದೆ. ಈ ಮಾತು ಹೊರಗೆ ಬಂದರೆ ನನ್ನ ಇಡೀ ಬದುಕು ಸುಳ್ಳಾಗುತ್ತದೆ ಅಂದುಕೊಂಡಿದ್ದೆ. ಹೊರಗೆ ಬಂತು. ಏನೂ ಸುಳ್ಳಾಗಲಿಲ್ಲ. ಕುಕ್ಕರ್ ಕೂಗಿತು, ಅಷ್ಟೇ.

ಲಾವಣ್ಯಾ ಪರದೆಗೆ ಹತ್ತಿರ ಬಾಗಿದಳು. ಆಮೇಲೆ ಕೇಳಿದಳು: "ಇದು ಹೇಳುವಾಗ ಕೈ ಏನು ಮಾಡ್ತಾ ಇದೆ ಆಂಟಿ?"

ನೋಡಿಕೊಂಡೆ. ಪೊರಕೆಯನ್ನು ಇನ್ನೂ ಹಿಡಿದಿದ್ದೆ. ಆ ದಿನ ಕಂಬಿ ಹಿಡಿದ ಹಾಗೆ.

"ಕೆಳಗಿಡಿ."

ಇಟ್ಟೆ.

"ಸರಿ, ಈಗ ಯಾರ ವಿರುದ್ಧ ಹೋರಾಟ?" ಅಂದೆ. "ಯಾರೂ ಇಲ್ಲ ಆಂಟಿ" ಅಂದಳು. ಎದುರಾಳಿಯೇ ಇಲ್ಲದ ಹೋರಾಟಕ್ಕೆ ಕರಪತ್ರ ಹೇಗೆ ಬರೆಯೋದು, ಘೇರಾವ್ ಯಾರಿಗೆ ಹಾಕೋದು ಅಂತ ಜಗಳವಾಡಿದೆ. "ಸಾಮ್ನೆ, ಮತ್ಲಬ್ ಎದುರಿಗೆ, ಯಾರೂ ಬೇಡ, ಜೊತೆಗೆ ನಾನು ಬರ್ತೀನಿ, ಮೊದಲು ಮೆಟ್ರೋ ಗೇಟ್ ತನಕ ಮಾತ್ರ, ಆಮೇಲೆ ಸ್ವಲ್ಪ ಸ್ವಲ್ಪ" ಅಂದಳು. ಆ ಹುಡುಗಿ ಕೆಲಸಕ್ಕೆ ಬರುತ್ತಾಳೆ.

ಹಿಂದೆ ಅವ್ವನ ಬಗ್ಗೆ ಬರೆದಿದ್ದೆ. ಅವಳ ಹೆದರಿಕೆ ಕೇಳಲು ಯಾರೂ ಕುರ್ಚಿ ಹಾಕಲಿಲ್ಲ ಅಂತ. ಅದು ನಿಜ. ಆದರೆ ಅದರಿಂದ ನಾನು ತೆಗೆದ ತೀರ್ಮಾನ ತಪ್ಪು. ಅವ್ವನನ್ನು ಹೊರಗೆ ನಿಲ್ಲಿಸಿದ ಹೋಟೆಲಿನ ಒಳಗೆ ನಾನು ಹೋಗಿ ಕೂತು ಕಾಫಿ ಕುಡಿದೆ. ಈ ಕುರ್ಚಿಯೂ ಹಾಗೇ. ಅವ್ವನಿಗೆ ಸಿಗಲಿಲ್ಲ ಅಂತ ನಾನು ಯಾಕೆ ಬಿಟ್ಟುಕೊಡಲಿ? ಕೂರುತ್ತೇನೆ. ಕಾಲು ಚಾಚಿ ಕೂರುತ್ತೇನೆ. ಶಾಲು ಬೇಡ.

ಬಾಳಕದಲ್ಲಿ ಅರ್ಧ ಉಳಿದಿದೆ. ಕೋತಿಗೆ ಖಾರ ಹತ್ತಿರಬೇಕು, ಮತ್ತೆ ಬಂದಿಲ್ಲ.

ನಿನ್ನ ಮೇಲ್ಮನವಿ ಅಂಗೀಕೃತ.

ಜೈ ಭೀಮ್,
ಅಮ್ಮ


ಇಂದಿರಾಪುರಂ
೧೯ ಜನವರಿ ೨೦೨೫

ಅಮ್ಮಾ,

ಮೆಟ್ರೋದಲ್ಲಿ ಓದಿದೆ, ಅದು ತಪ್ಪಾಯಿತು. ಎದುರು ಕೂತ ಆಂಟಿ "ಬೇಟಾ, ಸಬ್ ಠೀಕ್?" ಅಂತ ಕೇಳಿದರು. ಅಳುತ್ತಿದ್ದೆನೋ ನಗುತ್ತಿದ್ದೆನೋ ಅವರಿಗೂ ಗೊತ್ತಾಗಲಿಲ್ಲ. "ನಮ್ಮಮ್ಮ ಕೋತಿ ಓಡಿಸಿದರು" ಅಂದೆ. ಅವರು ಸ್ವಲ್ಪ ದೂರ ಸರಿದು ಕೂತರು.

ಮಹಂತೇಶ ನಿನ್ನ ಕಾಗದವನ್ನು ಬಾದಾಮಿಗೆ ಫೋನಿನಲ್ಲಿ ಓದಿದ. ಅವರ ಅಮ್ಮ ಕಳಿಸಿದ ಸಂದೇಶ: "ಬೀಗ್ತಿಗಿ ಹೇಳು, ನನಗೂ ಬಸ್ಸಿನ್ಯಾಗ ಹಂಗಾ ಆಕ್ಕೈತಿ. ಸೆಕಿ ಆತು ಅಂತ ಎಲ್ಲಾರಿಗೂ ಸುಳ್ಳು ಹೇಳ್ತೀನಿ." ಅಮ್ಮಾ, ನೀನು ಇನ್ನೊಂದು ಯೂನಿಯನ್ ಕಟ್ಟುವ ಹಾಗೆ ಕಾಣುತ್ತದೆ.

ತಾರೀಕು ಹಿಡಿದೆವು. ಮಾರ್ಚ್ ಎಂಟು, ಮಹಿಳಾ ದಿನ. ನೋಂದಣಿ ಹಿಂದಿನ ದಿನವೇ ಮುಗಿಯುತ್ತದೆ. ಎಂಟಕ್ಕೆ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಸಭೆ: ಸಂವಿಧಾನದ ಪೀಠಿಕೆ ಓದುತ್ತೇವೆ, ಹಾರ ಹಾಕಿಕೊಳ್ಳುತ್ತೇವೆ, ಊಟ. ಸೊಸೈಟಿಯ ಕಾರ್ಯದರ್ಶಿ "ಪಂಡಿತ್‌ಜೀ ಕಬ್ ಆಯೇಂಗೆ?" ಅಂತ ಪುರೋಹಿತರ ವಿಷಯ ಎರಡು ಸಲ ಕೇಳಿದರು. "ನಮ್ಮಮ್ಮ ಬರ್ತಾರೆ" ಅಂದೆ.

ನೀನು ಹೇಗೆ ಬಂದರೂ ಸರಿ. ಕ್ಯಾಬ್ ಕಳಿಸುತ್ತೇನೆ. ಬರಲಾಗದೆ ಹೋದರೆ ಅದನ್ನೂ ಹೇಳು. ಎಲ್ಲರನ್ನೂ ಕರೆದುಕೊಂಡು ನಾವೇ ವಸಂತ್ ಕುಂಜ್‌ಗೆ ಬರುತ್ತೇವೆ. ಹಟ ಬಿಟ್ಟಿದ್ದೇನೆ.

ಸಂಯುಕ್ತಾ


ವಸಂತ್ ಕುಂಜ್
೨ ಮಾರ್ಚ್ ೨೦೨೫

ಸಂಯುಕ್ತಾ,

ಕ್ಯಾಬ್ ಕಳಿಸಬೇಡ.

ವರದಿ ಒಪ್ಪಿಸುತ್ತೇನೆ. ಮೊದಲ ದಿನ ಛತ್ತರ್‌ಪುರ್ ಸ್ಟೇಷನ್ನಿನ ಗೇಟಿನ ತನಕ ಹೋಗಿ, ಕಡಲೆಕಾಯಿ ತಿಂದು ವಾಪಸು ಬಂದೆವು. ಲಾವಣ್ಯಾ ಅದಕ್ಕೇ "ಶಾಬಾಶ್ ಆಂಟಿ" ಅಂದಳು. ಅವಮಾನ ಆಯಿತು, ಅದನ್ನೂ ಅವಳಿಗೆ ಹೇಳಿದೆ. ಈಗ ಎಲ್ಲ ಹೇಳಿಬಿಡುತ್ತೇನೆ ಕಣೇ, ಅವಳಿಗೇ ಸಾಕಾಗಿರಬೇಕು. ಆಮೇಲೆ ಒಂದು ಸ್ಟೇಷನ್, ಕುತುಬ್ ಮಿನಾರ್. ಆಮೇಲೆ ಇನ್ನೂ ಮುಂದೆ. ಒಂದು ದಿನ ಮಧ್ಯದಲ್ಲೇ ಇಳಿದು ಓಡಿ ಬಂದೆ. ಮಾರನೆಯ ವಾರ ಮತ್ತೆ ಹೋದೆ. ಮುಷ್ಕರ ಒಂದೇ ದಿನಕ್ಕೆ ಗೆದ್ದದ್ದು ಯಾವಾಗ?

ಮೊನ್ನೆ ರಾಜೀವ್ ಚೌಕ್. ಸಂಜೆ, ಆಫೀಸು ಬಿಟ್ಟು ಜನ ತುಂಬೋ ಹೊತ್ತು ನೋಡಿಯೇ ಹೋದೆವು. ಲಾವಣ್ಯಾ ಬೇಕೆಂದೇ ಹಿಂದೆ ಉಳಿದಳು. ಅದೇ ಮೆಟ್ಟಿಲು. ಅದೇ ಕಂಬಿ. ಎದೆ ತಮಟೆ ಬಡಿಯಲು ಶುರುಮಾಡಿತು. ಪಕ್ಕದಲ್ಲಿ ಕೈಚೀಲ ಹೊತ್ತ ಒಬ್ಬಳು ಹೆಂಗಸು, ನನ್ನಷ್ಟೇ ವಯಸ್ಸು. ಆಫೀಸಿನಿಂದ ಬರುತ್ತಿದ್ದಳೇನೋ. ಏನಾದರಾಗಲಿ ಅಂತ ಹೇಳಿಬಿಟ್ಟೆ:

"ಬೆಹನ್‌ಜೀ, ಮುಝೇ ಡರ್ ಲಗ್ ರಹಾ ಹೈ."

ಅವಳು ನನ್ನ ಮುಖ ನೋಡಿದಳು. "ಹೆದರಿಕೆ ನನಗೂ ಆಗುತ್ತೆ, ದಿನಾ" ಅಂದಳು ತನ್ನ ಹಿಂದಿಯಲ್ಲಿ. "ಲೋ, ಪಕಡ್ ಲೋ." ಚೀಲದ ಒಂದು ಹಿಡಿ ನನಗೆ ಕೊಟ್ಟಳು. ಅವಳೊಂದು ಹಿಡಿ, ನಾನೊಂದು ಹಿಡಿ, ನಡುವೆ ಅವಳ ಊಟದ ಡಬ್ಬಿ ಟಣಟಣ ಅನ್ನುತ್ತಿತ್ತು. ಮೆಟ್ಟಿಲು ಹತ್ತಿ ಬ್ಲೂ ಲೈನಿನ ಪ್ಲಾಟ್‌ಫಾರಂ ಮುಟ್ಟಿದೆವು. "ಚಲೋ ದೀದಿ" ಅಂದು ರೈಲು ಹತ್ತಿ ಹೋದಳು. ಹೆಸರು ಕೇಳಲಿಲ್ಲ.

ಅಲ್ಲಿ ನಿಂತು ಒಂದು ವಿಷಯ ಹೊಳೆಯಿತು. ನಾನು ಯಾವತ್ತೂ ಜನರ ಮುಂದೆ ಇದ್ದೆ. ಮೆರವಣಿಗೆಯ ಮುಂದೆ, ಮೈಕಿನ ಮುಂದೆ. ನಡುವೆ ಇದ್ದದ್ದು ಇದೇ ಮೊದಲು. ನಡುವೆ ಬೆಚ್ಚಗಿರುತ್ತದೆ ಕಣೇ, ಬೆವರು ವಾಸನೆ ಇದ್ದರೂ.

ಲಾವಣ್ಯಾ ಓಡಿ ಬಂದು, "ಆಂಟಿ, ಕೈಸಾ ಲಗಾ, ಎದೆ ಒಳಗೆ?" ಅಂದಳು. ಈ ಸಲ ಹೊಗೆಯ ಮಾತು ಆಡಲಿಲ್ಲ. "ಹೆದರಿಕೆ ಇದೆ, ಖುಷಿನೂ ಇದೆ, ಹಸಿವೂ ಆಗಿದೆ" ಅಂದೆ. ಇಬ್ಬರೂ ಛೋಲೆ ಭಟೂರೆ ತಿಂದೆವು. ಮದುವೆಗೆ ಕರೆದರೆ, ತಾನು ಥೆರಪಿಸ್ಟ್, ತಮ್ಮ ನಿಯಮದಂತೆ ಬರುವಂತಿಲ್ಲ ಅನ್ನುತ್ತಾಳೆ. ನನ್ನ ವಿರೋಧ ದಾಖಲಿಸಿದ್ದೇನೆ. ನಿಯಮ ಸರಿಯಾದದ್ದೇ ಅಂತಲೂ ಒಪ್ಪಿದ್ದೇನೆ. ಅವಳಿಗೆ ಎಂಟರ ನಂತರದ ಗುರುವಾರ ಲಡ್ಡು ಕೊಡುತ್ತೇನೆ, ಅದನ್ನು ಯಾವ ನಿಯಮ ತಡೆಯುತ್ತದೋ ನೋಡೋಣ.

ಈಗ ನನ್ನ ಬೇಡಿಕೆಗಳು. ವೇದಿಕೆಯ ಮೇಲೆ ನನಗೆ ಕುರ್ಚಿ ಹಾಕಬೇಡಿ. ಜನರ ನಡುವೆ ಹಾಕಿ, ಬಾದಾಮಿಯ ಬೀಗಿತ್ತಿಯ ಪಕ್ಕದಲ್ಲಿ. ನಮ್ಮಿಬ್ಬರಿಗೂ ಮಾತಾಡಲು ಬಹಳ ಇದೆ. ಬಾಳಕದ ಮೆಣಸಿನಕಾಯಿ ತರುತ್ತೇನೆ, ಕರಿಯಲು ಎಣ್ಣೆ ಇಟ್ಟಿರಲಿ. ವೈಶಾಲಿ ಸ್ಟೇಷನ್ನಿನ ಹೊರಗೆ ಮಹಂತೇಶ ನಿಂತಿರಲಿ, ಒಳಗೆ ಬರಬಾರದು. ದಾರಿಯಲ್ಲಿ ಹೆದರಿಕೆಯಾದರೆ ನಿನಗೇ ಫೋನ್ ಮಾಡಿ ಹೆದರಿಕೆ ಅನ್ನುತ್ತೇನೆ. ಮಂಡಿನೋವು ಅನ್ನುವುದಿಲ್ಲ.

ಜೈ ಭೀಮ್,
ನಿನ್ನ ಅಮ್ಮ, ಲೀಲಾವತಿ

ಮುಂದಿನ ಸಭೆ: ಇಂದಿರಾಪುರಂ ಕ್ಲಬ್‌ಹೌಸ್, ಮಾರ್ಚ್ ಎಂಟು, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ.